ಅಡಗಿ ಬಾಳಿದ ಪಾದ್ರಿಯ ದಿನಚರಿ: ಸಂತ ಜೋಸೆಫ್ ವಾಜರ ಲಂಕೆಯ ಬದುಕನ್ನು ನಾನು ಬರೆದ ಬಗೆ

ಡಚ್ಚರ ಆಳ್ವಿಕೆಯ ಲಂಕೆಯಲ್ಲಿ ಅಡಗಿದ್ದು ಕಥೊಲಿಕರ ಸೇವೆ ಮಾಡಿದ ಗೋವೆಯ ಪಾದ್ರಿ ಸಂತ ಜೋಸೆಫ್ ವಾಜರ ಬದುಕನ್ನು ಕನ್ನಡದಲ್ಲಿ ಬರೆಯಲು ಕೂತಾಗ ನಾನು ಮಾಡಿದ ಮೊದಲ ಕೆಲಸ, ಪವಾಡಗಳನ್ನೆಲ್ಲ ಬೇರೆ ಹಾಳೆಗೆ ಎತ್ತಿಟ್ಟದ್ದು. ನಂಬಿಕೆ ಸಾಲದೆ ಹಾಗೆ ಮಾಡಲಿಲ್ಲ. ಪವಾಡ ಮೊದಲೇ ಬಂದುಬಿಟ್ಟರೆ ಓದುವವರು ಬೇರೇನನ್ನೂ ಕೇಳುವುದಿಲ್ಲ, ಕೇಳಬೇಕಾದದ್ದೋ ಬೇಕಾದಷ್ಟಿದೆ. ಪಾದ್ರಿಗೆ ಆಶ್ರಯ ಕೊಟ್ಟವರಿಗೆ ಮರಣದಂಡನೆ ಎಂದು ಸಾರಿದ್ದ ದ್ವೀಪದಲ್ಲಿ ಇವರು ರಾತ್ರಿ ಎಲ್ಲಿ ಮಲಗಿದರು? ಬಲಿಪೂಜೆಗೆ, ಅಂದರೆ ಕಥೊಲಿಕರ ಮುಖ್ಯ ಆರಾಧನೆಗೆ, ದ್ರಾಕ್ಷಾರಸ ಎಲ್ಲಿಂದ ಬಂತು? ಯಾರ ಮನೆಯ ಬಾಗಿಲು ತಟ್ಟಬಹುದೆಂದು ಹೇಗೆ ತಿಳಿಯಿತು? 1687ರಿಂದ 1711ರವರೆಗಿನ ಆ ಬದುಕನ್ನು ನಾನು ಈ ಮೂರು ಪ್ರಶ್ನೆಗಳ ಸುತ್ತ ಕಟ್ಟಿಕೊಂಡೆ. ಹಾಗೆ ಕಟ್ಟುತ್ತ ಹೋದಂತೆ, ಕಥೆಯ ಭಾರವೆಲ್ಲ ಪಾದ್ರಿಯ ಹೆಗಲಿನಿಂದ ಅವರಿಗೆ ಬಾಗಿಲು ತೆರೆದ ಮನೆಯವರ ಹೆಗಲಿಗೆ ಬಂತು. ಇಂಥ ಚರಿತ್ರೆ ಬರೆಯುವವರು ಅದನ್ನು ಅಲ್ಲೇ ಇರಗೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾಲಪಟ್ಟಿಯಿಂದ ಶುರುಮಾಡಿ. ಒಂದು ಸಾಲಿನಲ್ಲಿ ವಾಜರ ಬದುಕಿನ ವರ್ಷಗಳು, ಪಕ್ಕದಲ್ಲಿ ಕರಾವಳಿ ಯಾರ ಕೈಯಲ್ಲಿತ್ತು ಎಂಬುದು, ಅದರ ಪಕ್ಕದಲ್ಲಿ ಕಂಡಿಯ ಅರಸ ಯಾರು ಎಂಬುದು. ಪ್ರೊಟೆಸ್ಟಂಟರಾದ ಡಚ್ಚರು ಕೊಲಂಬೊವನ್ನು ಕಥೊಲಿಕರಾದ ಪೋರ್ಚುಗೀಸರಿಂದ ಕಿತ್ತುಕೊಂಡದ್ದು 1656ರಲ್ಲಿ, ಮನ್ನಾರ್ ಮತ್ತು ಜಾಫ್ನಾವನ್ನು 1658ರಲ್ಲಿ. ಅದೇ 1658ರ ಸೆಪ್ಟೆಂಬರಿನಲ್ಲಿ ರೋಮನ್ ಪಾದ್ರಿಗಳನ್ನು ಬಚ್ಚಿಟ್ಟವರಿಗೆ ಮರಣದಂಡನೆ ಎಂಬ ಆಜ್ಞೆ ಹೊರಬಿತ್ತು. ಒಳನಾಡಿನ ಕಂಡಿ ರಾಜ್ಯ ಸ್ವತಂತ್ರ. ಅಲ್ಲಿ ಎರಡನೆಯ ರಾಜಸಿಂಹ 1687ರವರೆಗೆ, ಎರಡನೆಯ ವಿಮಲಧರ್ಮಸೂರ್ಯ 1707ರವರೆಗೆ, ಆಮೇಲೆ ನರೇಂದ್ರಸಿಂಹ. ಈ ಸಾಲುಗಳು ಎದುರಿಗಿಲ್ಲದೆ ಬರೆದರೆ ಆಗುವ ಅನಾಹುತವೆಂದರೆ ಇಡೀ ಲಂಕೆ ಒಂದೇ ರಾಜ್ಯವಾಗಿ ಕಾಣುವುದು. ಆಗ ಬೌದ್ಧ ಅರಸರೂ ಡಚ್ಚರೂ ಒಂದೇ ಗುಂಪಿನ ಕಿರುಕುಳಗಾರರಾಗಿಬಿಡುತ್ತಾರೆ. ನಡೆದದ್ದು ಹಾಗಲ್ಲ. ಕಥೊಲಿಕರ ಪೂಜೆಯನ್ನು ಕಾನೂನಿನಿಂದ ಅಳಿಸಹೊರಟವರು ಕರಾವಳಿಯ ಡಚ್ ಈಸ್ಟ್ ಇಂಡಿಯಾ ಕಂಪನಿಯವರು. ಅವರ ಕಾಟ ತಾಳದೆ ಓಡಿಬಂದ ಕಥೊಲಿಕರಿಗೆ ಕಂಡಿಯ ನೆಲ ಆಸರೆಯಾಗಿತ್ತು.

ಕರಾವಳಿ ಕರ್ನಾಟಕದ ಓದುಗರಿಗಾಗಿ ಬರೆಯುವವರು ಇನ್ನೊಂದು ಎಚ್ಚರ ಇಟ್ಟುಕೊಳ್ಳಬೇಕು. ನಮ್ಮಲ್ಲಿ ಕಿರುಕುಳ ಎಂದೊಡನೆ 1784ರಲ್ಲಿ ಟಿಪ್ಪು ಸುಲ್ತಾನ್ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದದ್ದು ನೆನಪಿಗೆ ಬರುತ್ತದೆ. ವಾಜರ ಕಾಲ ಅದಕ್ಕಿಂತ ನೂರು ವರ್ಷ ಹಿಂದಿನದು, ಆಗ ಕೆನರಾವನ್ನು ಆಳುತ್ತಿದ್ದವಳು ಕೆಳದಿಯ ರಾಣಿ ಚೆನ್ನಮ್ಮ. ಎರಡನ್ನೂ ಒಂದೇ ಅಧ್ಯಾಯದಲ್ಲಿ ತರಬೇಡಿ.

ಹುಟ್ಟು ಮತ್ತು ಓದಿನ ಭಾಗ ಚಿಕ್ಕದಿದ್ದರೆ ಸಾಕು. 1651ರ ಏಪ್ರಿಲ್ 21ರಂದು ಗೋವೆಯ ಬೆನಾವ್ಲಿಯಲ್ಲಿ, ತಾಯಿಯ ಊರಿನಲ್ಲಿ ಜನನ. ತಂದೆಯ ಊರು ಸಾಂಕ್ವಾಳ. ಕೊಂಕಣಿ ಮಾತನಾಡುವ ಬ್ರಾಹ್ಮಣ ಮೂಲದ ಕ್ರೈಸ್ತ ಮನೆತನ. 1676ರಲ್ಲಿ ಗುರುದೀಕ್ಷೆ. ಅಲ್ಲಿಂದ ಮುಂದೆ ಬರಿಗಾಲಿನಲ್ಲೇ ನಡೆದರು. ಈ ಒಂದು ಸಂಗತಿಯನ್ನು ಮಾತ್ರ ನಾನು ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಂಡೆ, ಹನ್ನೊಂದು ವರ್ಷದ ನಂತರ ಅದರ ಬೆಲೆ ಗೊತ್ತಾಗುತ್ತದೆ.

ಆ ಕಾಲದಲ್ಲಿ ಗೋವೆಯ ಸ್ಥಳೀಯ ಪಾದ್ರಿಗಳಿಗೆ ಯುರೋಪಿನ ಸನ್ಯಾಸ ಸಭೆಗಳ ಬಾಗಿಲು ಮುಚ್ಚಿತ್ತು. ದೊಡ್ಡ ಹುದ್ದೆಗಳು ಬಿಳಿಯರಿಗೆ, ಸಹಾಯಕ ಕೆಲಸ ಊರಿನವರಿಗೆ. 1685ರ ಸೆಪ್ಟೆಂಬರಿನಲ್ಲಿ ಹಳೆ ಗೋವೆಯ ಪವಾಡದ ಶಿಲುಬೆಯ ಇಗರ್ಜಿಯಲ್ಲಿ ನೆಲೆಗೊಂಡ, ಒರೇಟರಿ ಎಂಬ ಪಾದ್ರಿಗಳ ಸಭೆ, ಬಹುಮಟ್ಟಿಗೆ ಈ ಬಾಗಿಲ ಹೊರಗೆ ನಿಂತವರೇ ಕಟ್ಟಿಕೊಂಡದ್ದು. ವಾಜರನ್ನು ಅದರ ಮುಖ್ಯಸ್ಥರನ್ನಾಗಿ ಆರಿಸಿದರು. ಲಂಕೆಗೆ ನುಸುಳಬಲ್ಲ ಪಾದ್ರಿ ಯಾರೆಂದು ಯೋಚಿಸಿ ನೋಡಿ. ಬಿಳಿ ಚರ್ಮದ ಫ್ರಾನ್ಸಿಸ್ಕನ್ ಅಥವಾ ಜೆಸ್ವಿತ ಪಾದ್ರಿ ಡಚ್ ಬಂದರಿನಲ್ಲಿ ಇಳಿದ ಗಳಿಗೆಯೇ ಸಿಕ್ಕಿಬೀಳುತ್ತಿದ್ದರು. ಬಣ್ಣ, ಊಟ, ನಡಿಗೆ, ಕೈಯಲ್ಲಿ ಕಲಸಿ ತಿನ್ನುವ ರೀತಿ ಎಲ್ಲದರಲ್ಲೂ ದಕ್ಷಿಣದ ಮನುಷ್ಯನಾಗಿದ್ದವರಿಗೆ ಮಾತ್ರ ಆ ದಾರಿ ಸಾಧ್ಯವಿತ್ತು. ಸಭೆಗಳು ಯಾವ ಕಾರಣಕ್ಕೆ ಇವರನ್ನು ಹೊರಗಿಟ್ಟಿದ್ದವೋ ಅದೇ ಕಾರಣ ಲಂಕೆಯ ಕ್ರೈಸ್ತರನ್ನು ಉಳಿಸಿತು. ಇದನ್ನು ಬರೆಯುವಾಗ ದನಿ ತಗ್ಗಿಸುವ ಅಗತ್ಯ ನನಗೆ ಕಾಣಲಿಲ್ಲ.

ಲಂಕೆಗೆ ಮೊದಲು ಕೆನರಾ. 1681ರಿಂದ 1684ರವರೆಗೆ ವಾಜರು ಮಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ಕರಾವಳಿಯ ಮೇಲ್ವಿಚಾರಕ ವಿಕಾರ್ ಆಗಿದ್ದರು. ಪೋರ್ಚುಗಲ್ ಅರಸನ ಹಕ್ಕಿನಡಿ ನಡೆಯುವ ಗೋವೆಯ ಪದ್ರೊವಾದೊ ಅಧಿಕಾರ ಒಂದು ಕಡೆ, ರೋಮಿನ ಧರ್ಮಪ್ರಚಾರದ ಕಚೇರಿಯಾದ ಪ್ರೊಪಗಾಂಡ ನೇಮಿಸಿದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಇನ್ನೊಂದು ಕಡೆ. ಯಾರಿಂದ ಸಂಸ್ಕಾರ ಪಡೆದರೆ ಸಿಂಧು ಎಂಬ ಗೊಂದಲದಲ್ಲಿ ಜನ ಎರಡು ಪಾಲಾಗಿದ್ದರು. ಈ ಭಾಗವನ್ನು ಬೇಸರದ ಆಡಳಿತ ಜಗಳವೆಂದು ಹಾರಿಸಿಬಿಡುವವರೇ ಹೆಚ್ಚು. ಹಾರಿಸಬಾರದು. ಪಾದ್ರಿ ಎಷ್ಟೇ ಪುಣ್ಯವಂತನಾಗಿದ್ದರೂ ಸರಿಯಾದ ಧರ್ಮಾಧ್ಯಕ್ಷರ ಅಪ್ಪಣೆ ಇಲ್ಲದೆ ಕೇಳಿದ ಪಾಪನಿವೇದನೆ ಊರ್ಜಿತವಾಗದು ಎಂಬ ತ್ರೆಂತ್ ಮಹಾಸಭೆಯ ನಿಯಮದ ಬಿಸಿ ವಾಜರಿಗೆ ತಟ್ಟಿದ್ದು ಇಲ್ಲೇ. ಲಂಕೆ ಕೊಚ್ಚಿ ಧರ್ಮಪ್ರಾಂತ್ಯಕ್ಕೆ ಸೇರಿತ್ತು. ಕೊಚ್ಚಿಯನ್ನೂ 1663ರಲ್ಲಿ ಡಚ್ಚರು ಹಿಡಿದಿದ್ದರು. ಹಾಗಾಗಿ ಅಧಿಕಾರದ ಕಾಗದ ಎಲ್ಲಿಂದ, ಯಾರ ಕೈಯಲ್ಲಿ ಎಂಬುದು ಅಡಗಿ ಬಾಳುವ ಪಾದ್ರಿಗೆ ಅನ್ನದಷ್ಟೇ ಮುಖ್ಯ. ಮುಂದೆ ಕೊಚ್ಚಿಯ ಧರ್ಮಾಧ್ಯಕ್ಷರೇ ಅವರನ್ನು ತಮ್ಮ ಪ್ರತಿನಿಧಿಯಾಗಿ ಲಂಕೆಯ ವಿಕಾರ್ ಜನರಲ್ ಮಾಡಿದರು.

ಈ ಅವಧಿಯ ಸ್ಥಳಗಳನ್ನು ಗುರುತಿಸಲು ಹಳೆಯ ಪೋರ್ಚುಗೀಸ್ ಹೆಸರುಗಳ ಪಟ್ಟಿಯೊಂದನ್ನು ಕೈಗೆಟಕುವಂತೆ ಇಟ್ಟುಕೊಳ್ಳಿ. ಓನೋರ್ ಎಂದರೆ ಹೊನ್ನಾವರ, ಬಾರ್ಸೆಲೋರ್ ಎಂದರೆ ಬಸ್ರೂರು, ಕಾಂಬೊಲಿಮ್ ಎಂದರೆ ಗಂಗೊಳ್ಳಿ. ಬಾರ್ಸೆಲೋರನ್ನು ಬಾರಕೂರು ಎಂದು ಓದಿಕೊಂಡರೆ ನಡಿಗೆಯ ಲೆಕ್ಕವೆಲ್ಲ ತಪ್ಪುತ್ತದೆ. ಮಂಗಳೂರಿಗೆ ಹತ್ತಿರದ ಮುಡಿಪು ಗುಡ್ಡದಲ್ಲಿ ವಾಜರ ಬಗ್ಗೆ ಹೇಳುವ ಪವಾಡದ ಕಥೆಯನ್ನು ನಾನು ಜನರ ನಂಬಿಕೆ ಎಂಬ ಶೀರ್ಷಿಕೆಯಡಿಯಲ್ಲೇ ಕೊಟ್ಟೆ. ಅಲ್ಲಿಗೆ ಇಂದಿಗೂ ಹರಕೆ ಹೊತ್ತು ಬರುವವರ ಭಕ್ತಿಗೆ ಕಾಗದದ ಸಾಕ್ಷಿ ಬೇಕಾಗಿಲ್ಲ, ಆದರೆ ಕಾಗದದ ಸಾಕ್ಷಿ ಇರುವುದನ್ನೂ ಇಲ್ಲದ್ದನ್ನೂ ಒಂದೇ ಸಾಲಿನಲ್ಲಿ ಬೆರೆಸಿದರೆ ಎರಡಕ್ಕೂ ಅನ್ಯಾಯ.

ಇನ್ನು ಆಕರಗಳ ಮಾತು. ಕಥೊಲಿಕ ಕಡೆಯಲ್ಲಿ ಒರೇಟೋರಿಯನ್ ಪಾದ್ರಿಗಳ ಪತ್ರಗಳಿವೆ. ಅದೇ ಸಭೆಯ ಸೆಬಾಸ್ತಿಯಾಂವ್ ದೊ ರೇಗೊ ಬರೆದ, 1745ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾದ ಜೀವನಚರಿತ್ರೆಯಿದೆ. ಡಚ್ ಕಡೆಯಲ್ಲಿ ಗವರ್ನರರು ಅಧಿಕಾರ ಬಿಟ್ಟುಕೊಡುವಾಗ ಮುಂದಿನವರಿಗೆ ಬರೆದಿಟ್ಟ ವರದಿಗಳು, ಆಜ್ಞಾಪತ್ರಗಳು, ಡಚ್ಚರ ಪ್ರೊಟೆಸ್ಟಂಟ್ ಚರ್ಚಾದ ಸುಧಾರಿತ ಚರ್ಚಿನ ಸಭೆಯ ನಡಾವಳಿಗಳು. ದೊ ರೇಗೊ ಬರೆದದ್ದು ಸಂತಪದವಿಯ ಆಸೆ ಕಣ್ಣೆದುರಿಟ್ಟುಕೊಂಡು, ಹಾಗಾಗಿ ಅವರಲ್ಲಿ ಸೋಲು, ಹಿಂಜರಿಕೆ ಕಡಿಮೆ. ಡಚ್ ಪಾದ್ರಿಗಳು ಬರೆದದ್ದು ತಮ್ಮ ಶಾಲೆ-ಚರ್ಚುಗಳ ಲೆಕ್ಕ ಮೇಲಿನವರಿಗೆ ಒಪ್ಪಿಸಲು. ನಾನು ಇಟ್ಟುಕೊಂಡ ನಿಯಮ ಇಷ್ಟೆ: ಒಂದು ಸಂಗತಿ ಬರೆದವನಿಗೇ ಇರುಸುಮುರುಸು ತರುವಂಥದ್ದಾದರೆ ಅದನ್ನು ಹೆಚ್ಚು ನಂಬು. ಹತ್ತಾರು ವರ್ಷ ಶಾಲೆ ನಡೆಸಿ, ದಂಡ ಹಾಕಿ, ಹೆಸರು ಬರೆಸಿದ ಮೇಲೂ ಜನ ಮನೆಯಲ್ಲಿ ಜಪಮಾಲೆ ಹೇಳುತ್ತಾರೆ ಎಂದು ಡಚ್ಚರೇ ಗೊಣಗಿದರೆ ಅದು ಬಂಗಾರದಂಥ ಸಾಕ್ಷಿ.

ತಾರೀಖುಗಳಲ್ಲಿ ಒಂದು ಅನುಕೂಲವಿದೆ. ಪೋರ್ಚುಗೀಸರೂ ಡಚ್ ಕಂಪನಿಯೂ ಗ್ರೆಗೋರಿಯನ್ ಪಂಚಾಂಗವನ್ನೇ ಬಳಸುತ್ತಿದ್ದುದರಿಂದ ಎರಡೂ ಕಡೆಯ ದಿನಗಳು ಹೊಂದುತ್ತವೆ. ಇಂಗ್ಲಿಷರ ಕಾಗದ ಬಂದಾಗ ಮಾತ್ರ ಎಚ್ಚರ: ಅವರು 1752ರವರೆಗೆ ಹಳೆಯ ಪಂಚಾಂಗದಲ್ಲೇ ಇದ್ದರು, ಹದಿನೇಳನೆಯ ಶತಮಾನದಲ್ಲಿ ಹತ್ತು ದಿನ ಹಿಂದೆ. ಕಂಡಿಯ ಮನೆ, ಊಟ, ಕಾವಲಿನ ವಿವರಕ್ಕೆ 1660ರಿಂದ 1679ರವರೆಗೆ ಅಲ್ಲಿ ಸೆರೆಯಾಳಾಗಿದ್ದ ಇಂಗ್ಲಿಷ್ ನಾವಿಕ ರಾಬರ್ಟ್ ನಾಕ್ಸನ ಬರಹ ಬಹಳ ಉಪಯುಕ್ತ. ದಾರಿಗಳಿಗೆ ಅಡ್ಡಲಾಗಿ ಮುಳ್ಳಿನ ಬಾಗಿಲು, ಅಲ್ಲಿ ಕಾವಲು, ದಾಟಲು ಜೇಡಿಮಣ್ಣಿನ ಮೇಲೆ ಒತ್ತಿದ ಗುರುತು. ಅವನು ಹೇಳುವ ಈ ಏರ್ಪಾಡು ತಿಳಿದಿದ್ದರೆ, ಒಳನಾಡಿಗೆ ಗುಟ್ಟಾಗಿ ಹೋಗುವುದು ಬರೀ ಕಾಡು ದಾಟುವ ಮಾತಾಗಿರಲಿಲ್ಲ ಎಂಬುದು ಅರ್ಥವಾಗುತ್ತದೆ.

ಇಷ್ಟು ಕೈಗೆ ಸಿಕ್ಕಿದ ಮೇಲೆ ಸಾಮಾನಿನ ಪಟ್ಟಿ. ಇದನ್ನು ಮಾಡದೆ ಅಡಗಿ ಬಾಳಿದ ಯಾವ ಪಾದ್ರಿಯ ಕಥೆಯನ್ನೂ ಬರೆಯಬಾರದು ಎನ್ನುತ್ತೇನೆ. 1570ರ ರೋಮನ್ ಪೂಜಾಗ್ರಂಥದ ಪ್ರಕಾರ ಬಲಿಪೂಜೆಗೆ ಬೇಕಾದದ್ದು: ಧರ್ಮಾಧ್ಯಕ್ಷರು ಅಭಿಷೇಕಿಸಿದ ಬಲಿಕಲ್ಲು, ಅದರ ಮೇಲೆ ಮೂರು ನಾರುಬಟ್ಟೆ, ಒಳಭಾಗಕ್ಕಾದರೂ ಬಂಗಾರದ ನೀರು ಹಾಕಿಸಿದ ಬಲಿಪಾತ್ರೆ ಮತ್ತು ತಟ್ಟೆ, ಪಾತ್ರೆಯ ಕೆಳಗೆ ಹಾಸುವ ಮತ್ತು ಒರೆಸುವ ಬಟ್ಟೆಗಳು, ಪಾದ್ರಿಯ ಮೈಮೇಲೆ ಬಿಳಿ ನಿಲುವಂಗಿ, ಸೊಂಟದ ಹುರಿ, ಕೊರಳಪಟ್ಟಿ, ಮೇಲುಡುಗೆ, ಪೂಜಾಗ್ರಂಥ, ಜೇನುಮೇಣದ ಮೋಂಬತ್ತಿ. ಬಲಿಕಲ್ಲು ಪ್ರಸಾದವೂ ಪಾತ್ರೆಯ ಬುಡದ ಬಹುಭಾಗವೂ ಹಿಡಿಸುವಷ್ಟು ಇರಲೇಬೇಕು. ಹದಿನೈದು ಸೆಂಟಿಮೀಟರ್ ಚೌಕದ, ಮೂರು ಸೆಂಟಿಮೀಟರ್ ದಪ್ಪದ ಕಲ್ಲು ಎಂದರೂ ಸುಮಾರು ಎರಡು ಕಿಲೋ ತೂಗುತ್ತದೆ. ಗ್ರಂಥ, ಬಟ್ಟೆ, ಪಾತ್ರೆ ಎಲ್ಲ ಸೇರಿಸಿ ನೋಡಿದರೆ ನನ್ನ ಲೆಕ್ಕದಲ್ಲಿ ಆರೇಳು ಕಿಲೋಗೆ ಕಡಿಮೆಯಾಗದು. ಕೂಲಿಯ ವೇಷದಲ್ಲಿ ಹೋಗುವವನ ಗಂಟಿನಲ್ಲಿ ಇದಿಷ್ಟೂ ಇರಬೇಕು. ತೂಕ ದೊಡ್ಡದಲ್ಲ. ಗಂಟು ಬಿಚ್ಚಿಸಿದರೆ ಒಂದೊಂದು ವಸ್ತುವೂ ಪಾದ್ರಿ ಎಂದು ಕೂಗಿ ಹೇಳುತ್ತದೆ, ಅಪಾಯವಿರುವುದು ಅಲ್ಲಿ.

ಮುಗಿದುಹೋಗುವ ಸಾಮಾನುಗಳದ್ದು ಇನ್ನೂ ಕಷ್ಟ. ರೊಟ್ಟಿ ಹುಳಿಯಿಲ್ಲದ ಗೋಧಿಯದ್ದೇ ಆಗಬೇಕು. ಅಕ್ಕಿಹಿಟ್ಟಿನದಾದರೆ ಸಂಸ್ಕಾರವೇ ಆಗದು. ರಸ ದ್ರಾಕ್ಷಿಯದ್ದೇ ಆಗಬೇಕು, ಪೂರಾ ಹುಳಿತು ವಿನಿಗರ್ ಆಗಿದ್ದರೆ ಅದೂ ಆಗದು. ಅಕ್ಕಿ-ತೆಂಗಿನ ನಾಡಾದ ಲಂಕೆಯಲ್ಲಿ ಆಗ ಎರಡೂ ಬೆಳೆಯುತ್ತಿರಲಿಲ್ಲ, ಎರಡನ್ನೂ ಸಮುದ್ರ ದಾಟಿಸಿ ತರಬೇಕಿತ್ತು. ಒಂದು ಪೂಜೆಗೆ ಇಪ್ಪತ್ತೈದು ಮಿಲಿಲೀಟರ್ ಎಂದು ಹಿಡಿದರೆ ದಿನಕ್ಕೊಂದು ಪೂಜೆಯ ಲೆಕ್ಕದಲ್ಲಿ ವರ್ಷಕ್ಕೆ ಒಂಬತ್ತು ಲೀಟರ್ ಬೇಕು. ಬಿಸಿಲಿಗೆ, ಅರೆತುಂಬಿದ ಸೀಸೆಯಲ್ಲಿ ರಸ ಬೇಗ ಹುಳಿಯುತ್ತದೆ. ಮಳೆಗಾಲದಲ್ಲಿ ರೊಟ್ಟಿಗೆ ಬೂಷ್ಟು ಹಿಡಿಯುತ್ತದೆ. ಇನ್ನು ರೋಗಿಗಳಿಗೆ ಹಚ್ಚುವ ಅಭ್ಯಂಗದ ತೈಲ. ಅದನ್ನು ಪವಿತ್ರ ಗುರುವಾರದಂದು ಧರ್ಮಾಧ್ಯಕ್ಷರು ಆಲಿವ್ ಎಣ್ಣೆಯಿಂದ ಮಂತ್ರಿಸಿ ಕೊಡಬೇಕಿತ್ತು, ಪ್ರತಿ ವರ್ಷ ಹೊಸದು. ಅಂದರೆ ದಕ್ಷಿಣ ಭಾರತದ ಕರಾವಳಿಯಿಂದ ಲಂಕೆಗೆ ಗುಟ್ಟಾಗಿ ಹೋಗಿಬರುವ ಕೈಗಳು ಇರಲೇಬೇಕಿತ್ತು. ಆ ಕೈಗಳಲ್ಲಿ ಬಹುಪಾಲಿನವರ ಹೆಸರು ನಮಗೆ ಉಳಿದಿಲ್ಲ. ಗೋವೆಯಿಂದಲೇ ಜೊತೆಗೆ ಬಂದ ಸೇವಕ ಜೊವಾಂವನ ಹೆಸರು ಉಳಿದಿದೆ, ಅದಕ್ಕಾಗಿ ನಾನು ಅವನ ಹೆಸರನ್ನು ಎಲ್ಲಿಯೂ ಬಿಡದೆ ಬರೆದೆ.

1686ರಲ್ಲಿ ಗೋವೆ ಬಿಟ್ಟು, ಕೆನರಾ ಮತ್ತು ಮಲಬಾರಿನ ಮೂಲಕ ತೂತ್ತುಕುಡಿಗೆ ಬಂದು, ಅಲ್ಲಿಂದ ಕೂಲಿಯವನ ಉಡುಗೆಯಲ್ಲಿ ದೋಣಿ ಹತ್ತಿ 1687ರಲ್ಲಿ ವಾಜರು ಜಾಫ್ನಾ ತಲುಪಿದರು. ತೂತ್ತುಕುಡಿಯೂ ಡಚ್ಚರದ್ದೇ ಬಂದರು ಎಂಬುದನ್ನು ಓದುಗರಿಗೆ ನೆನಪಿಸಬೇಕು. ದಾರಿಯಲ್ಲೇ ಕಾಡಿದ ಭೇದಿಯಿಂದ ನಿತ್ರಾಣರಾಗಿ ಬಂದಿಳಿದವರನ್ನು ಭಿಕ್ಷುಕರೆಂದು ನಂಬುವುದು ಯಾರಿಗೂ ಕಷ್ಟವಾಗಿರಲಿಲ್ಲ. ಇಲ್ಲಿ ಬರಿಗಾಲಿನ ವಿಷಯಕ್ಕೆ ಬನ್ನಿ. ಬೂಟು ಕಳಚಿ ನಿನ್ನೆ ಮೊನ್ನೆ ಬರಿಗಾಲಾದವನ ಹಿಮ್ಮಡಿ ಮೆತ್ತಗಿರುತ್ತದೆ, ಬಿಸಿ ಮರಳಿನ ಮೇಲೆ ಅವನ ನಡಿಗೆಯೇ ಗುಟ್ಟು ಬಿಟ್ಟುಕೊಡುತ್ತದೆ. ಹನ್ನೊಂದು ವರ್ಷ ಬರಿಗಾಲಲ್ಲಿ ನಡೆದ ಪಾದಕ್ಕೆ ಆ ಭಯವಿಲ್ಲ. ವ್ರತವಾಗಿ ಹಿಡಿದದ್ದು ರಕ್ಷೆಯಾಗಿ ಬಂತು.

ಮುಂದಿನ ಸಮಸ್ಯೆ, ನಮ್ಮವರು ಯಾರು ಎಂದು ಪತ್ತೆಹಚ್ಚುವುದು. ಡಚ್ ಆಡಳಿತದಲ್ಲಿ ಜ್ಞಾನಸ್ನಾನ, ಮದುವೆ ಎಲ್ಲವನ್ನೂ ಸುಧಾರಿತ ಚರ್ಚಿನ ತೋಂಬೊ ಎಂಬ ನೋಂದಣಿ ಪುಸ್ತಕದಲ್ಲಿ ಬರೆಸಬೇಕು. ಹೆಸರಿಲ್ಲದಿದ್ದರೆ ಮದುವೆಗೂ ಆಸ್ತಿಯ ಹಕ್ಕಿಗೂ ತೊಡಕು. ಮಕ್ಕಳು ಶಾಲೆ ತಪ್ಪಿಸಿದರೆ ಹೆತ್ತವರಿಗೆ ದಂಡ. ಹಾಗಾಗಿ ಕಥೊಲಿಕರೆಲ್ಲ ಕಾಗದದ ಮೇಲೆ ಡಚ್ ಚರ್ಚಿನವರೇ. ವಾಜರು ಕೊರಳಲ್ಲಿ ಜಪಮಾಲೆ ಹಾಕಿಕೊಂಡು ಮನೆ ಮನೆಗೆ ಭಿಕ್ಷೆಗೆ ಹೋದರು. ಮಾಲೆ ಕಂಡು ಯಾರ ಮುಖ ಅರಳಿತು, ಯಾರು ಬಾಗಿಲು ಹಾಕಿಕೊಂಡರು ಎಂಬುದನ್ನು ನೋಡಿಕೊಂಡರು. ತಾವು ಪಾದ್ರಿ ಎಂದು ಮೊದಲೇ ಹೇಳಲಿಲ್ಲ. ಈ ಕ್ರಮದ ಜಾಣ್ಮೆಯನ್ನು ಗಮನಿಸಿ: ಜಪಮಾಲೆ ಧರಿಸಿದ ಪರದೇಶಿ ಭಿಕ್ಷುಕ ಅಪರಾಧಿಯಲ್ಲ, ಅಥವಾ ಪಾದ್ರಿಯಷ್ಟು ದೊಡ್ಡ ಅಪರಾಧಿಯಲ್ಲ. ಎದುರಿನವರು ದೂರು ಕೊಟ್ಟರೂ ಕೊಡಲು ಹೆಚ್ಚೇನೂ ಇಲ್ಲ. ತಾವಾಗಿ ಕರೆದು ವಿಚಾರಿಸಿದ ಕುಟುಂಬವೊಂದು ಸಿಕ್ಕ ಮೇಲೆ ಕೊಂಡಿಯಿಂದ ಕೊಂಡಿಗೆ ಕೆಲಸ ಸಾಗಿತು. ಜಾಫ್ನಾಕ್ಕೆ ಸಮೀಪದ ಸಿಲ್ಲಾಲೈ ಎಂಬ ಹಳ್ಳಿ, ಗಟ್ಟಿ ಕಥೊಲಿಕರ ಊರು, ಅವರ ನೆಲೆಯಾಯಿತು. ತಮಿಳು ಗಟ್ಟಿಯಾದದ್ದೂ ಇಲ್ಲೇ.

ಒಂದು ರಾತ್ರಿಯ ಕೆಲಸವನ್ನು ನಾನು ಗಂಟೆಗಳ ಲೆಕ್ಕದಲ್ಲಿ ಹರಡಿ ನೋಡಿದೆ. ಆ ಅಕ್ಷಾಂಶದಲ್ಲಿ ಕತ್ತಲು ವರ್ಷವಿಡೀ ಸುಮಾರು ಹನ್ನೊಂದು ಗಂಟೆ. ಪಾದ್ರಿ ಕತ್ತಲಾದ ಮೇಲೆ ಊರು ಹೊಕ್ಕು ಬೆಳಕಾಗುವ ಮುಂಚೆ ಹೊರಡಬೇಕು. ಮೊದಲು ಪಾಪನಿವೇದನೆ. ಮೂವತ್ತು ವರ್ಷ ಪಾದ್ರಿಯ ಮುಖ ಕಾಣದವರ ನಿವೇದನೆ ಎರಡು ನಿಮಿಷದಲ್ಲಿ ಮುಗಿಯದು. ಒಬ್ಬರಿಗೆ ಐದು ನಿಮಿಷ ಎಂದರೂ ನೂರು ಜನಕ್ಕೆ ಎಂಟು ಗಂಟೆ ಇಪ್ಪತ್ತು ನಿಮಿಷ. ನಡುವೆ ಕೂಸುಗಳ ಜ್ಞಾನಸ್ನಾನ, ಮದುವೆಗಳನ್ನು ಸರಿಪಡಿಸುವುದು, ನಡೆಯಲಾಗದ ರೋಗಿಯ ಮನೆಗೆ ಹೋಗಿಬರುವುದು. ಕೊನೆಗೆ ಪೂಜೆ, ಅದಕ್ಕೆ ಮುಕ್ಕಾಲು ಗಂಟೆ. ಅಂದರೆ ನೂರು ಜನರ ಊರಿಗೆ ಒಂದು ರಾತ್ರಿ ಹೇಗೋ ಸಾಕು, ಮುನ್ನೂರು ಜನರ ಊರಿಗೆ ಮೂರು ರಾತ್ರಿ ಬೇಕು, ಹಾಗಾದರೆ ಹಗಲಲ್ಲಿ ಮೂರು ಸಲ ಅಡಗಿಸಿಡುವ ಮನೆ ಬೇಕು. ಪ್ರತಿ ಹಗಲೂ ಯಾರದೋ ಕುತ್ತಿಗೆ ಪಣಕ್ಕೆ. ಇದರ ಮೇಲೆ ಆ ಕಾಲದ ಉಪವಾಸದ ನಿಯಮ: ನಡುರಾತ್ರಿಯಿಂದ ಪೂಜೆಯವರೆಗೆ ಪಾದ್ರಿ ನೀರನ್ನೂ ಮುಟ್ಟುವಂತಿಲ್ಲ. ಹಿಂದಿನ ದಿನವೆಲ್ಲ ಕಾಡುದಾರಿಯಲ್ಲಿ ನಡೆದು ಬಂದು, ಭೇದಿಯಿಂದ ಬಳಲಿದ ಮೈಯಲ್ಲಿ, ಒಣಗಿದ ಗಂಟಲಲ್ಲಿ ನಸುಕಿನವರೆಗೆ ಕೂತು ಜನರ ಮಾತು ಕೇಳಿದರು. ನಾನು ಬರೆದದ್ದರಲ್ಲಿ ಯಾವ ಪವಾಡಕ್ಕಿಂತಲೂ ಈ ಒಂದು ವಾಕ್ಯವನ್ನು ಓದುಗರು ನೆನಪಿಟ್ಟುಕೊಳ್ಳಲಿ ಎಂಬ ಆಸೆ ನನ್ನದು.

ಜ್ಞಾನಸ್ನಾನದ ವಿಷಯದಲ್ಲಿ ಹಲವರು ಎಡವುತ್ತಾರೆ. ಡಚ್ಚರ ಚರ್ಚಿನಲ್ಲಿ ಜ್ಞಾನಸ್ನಾನ ಪಡೆದವರಿಗೆಲ್ಲ ವಾಜರು ಮತ್ತೆ ಮಾಡಿಸಿದರು ಎಂದು ಬರೆಯುವುದುಂಟು. ಕಥೊಲಿಕ ನಿಯಮ ಹಾಗಿಲ್ಲ. ನೀರು ಹೊಯ್ದು ಪಿತ, ಸುತ, ಪವಿತ್ರಾತ್ಮರ ನಾಮ ಹೇಳಿದ್ದರೆ ಯಾರು ಮಾಡಿದರೂ ಅದು ಊರ್ಜಿತ, ಡಚ್ ಪಾದ್ರಿ ಮಾಡಿದರೂ ಊರಿನ ಅಜ್ಜಿ ಮಾಡಿದರೂ. ಹಾಗಾಗಿ ಪ್ರತಿಯೊಬ್ಬರನ್ನೂ ವಿಚಾರಿಸಬೇಕು: ನೀರು ಮೈಮೇಲೆ ಹರಿಯಿತೇ, ಹೇಳಿದ ಮಾತು ಯಾವುದು, ಎರಡೂ ಒಂದೇ ಹೊತ್ತಿಗೆ ಆಯಿತೇ. ಅನುಮಾನ ಉಳಿದರೆ ಮಾತ್ರ ‘ನಿನಗೆ ಆಗಿರದಿದ್ದರೆ’ ಎಂಬ ಷರತ್ತಿನ ಮಾತು ಸೇರಿಸಿ ಮಾಡಿಸುವುದು. ಈ ವಿಚಾರಣೆಗೂ ರಾತ್ರಿಯ ಹೊತ್ತು ಬೇಕು.

ಗುಟ್ಟು ಒಡೆಯುವುದು ಹೆಚ್ಚಾಗಿ ಸಣ್ಣ ಕಾರಣಗಳಿಂದ. ಹೊತ್ತಲ್ಲದ ಹೊತ್ತಿನಲ್ಲಿ ಬೆಳಕು, ಒಂದೇ ಮನೆಯ ಕಡೆಗೆ ಹೊರಟ ಹೆಜ್ಜೆಗಳು, ಡಚ್ ಶಾಲೆಗೆ ಹೋಗುವ ಮಗುವಿನ ಬಾಯಿ. ಎಲ್ಲಕ್ಕಿಂತ ದೊಡ್ಡ ಅಪಾಯ ಹಬ್ಬದ ದಿನ. ಕ್ರಿಸ್ಮಸ್ ಯಾವತ್ತು ಎಂದು ಡಚ್ಚರಿಗೂ ಗೊತ್ತು. 1689ರ ಕ್ರಿಸ್ಮಸ್ ರಾತ್ರಿ ಜಾಫ್ನಾದಲ್ಲಿ ಆದದ್ದು ಅದೇ. ಪೂಜೆಗೆಂದು ಸೇರಿದ್ದ ಮನೆಗಳಿಗೆ ಸೈನಿಕರು ನುಗ್ಗಿದರು, ನೂರಾರು ಜನರನ್ನು ಹಿಡಿದರು. ವಾಜರು ತಪ್ಪಿಸಿಕೊಂಡರು. ಹಿಡಿದವರಿಗೆ ದಂಡ, ಕೆಲವರಿಗೆ ಸಂಕೋಲೆ ಹಾಕಿದ ಕಠಿಣ ದುಡಿಮೆ. ಸುಧಾರಿತ ಚರ್ಚು ಬಿಟ್ಟು ಕಥೊಲಿಕನಾಗಿದ್ದ ಒಬ್ಬರು ಏಟಿನಿಂದ ಸತ್ತರು. ದಾಳಿ ಮಾಡಿಸಿದ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್. ಮಲಬಾರಿನ ಸಸ್ಯಗಳ ಬಗ್ಗೆ ಹನ್ನೆರಡು ಸಂಪುಟಗಳ ಗ್ರಂಥ ಮಾಡಿಸಿದ ಅದೇ ವಾನ್ ರೀಡ್. ಆ ಗ್ರಂಥಕ್ಕೆ ನೆರವಾದವರಲ್ಲಿ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರಿದ್ದರು. ಕೊಂಕಣಿಗರ ವಿದ್ಯೆಯನ್ನು ಅಷ್ಟು ಗೌರವದಿಂದ ಬರೆಸಿಕೊಂಡ ಮನುಷ್ಯನೇ ಕೊಂಕಣಿ ಪಾದ್ರಿಯನ್ನು ಬೇಟೆಯಾಡಿಸಿದ. ಮನುಷ್ಯರನ್ನು ಒಂದೇ ಬಣ್ಣದಲ್ಲಿ ಬರೆಯಬಾರದು ಎಂಬ ಕಾರಣಕ್ಕೆ ಎರಡನ್ನೂ ನಾನು ಪಕ್ಕಪಕ್ಕದಲ್ಲೇ ಇಟ್ಟೆ.

ಈ ದಾಳಿಯ ನಂತರ ವಾಜರು ನೆಲೆ ಬದಲಾಯಿಸಿ, ಕಂಡಿ ಅರಸನ ಅಧೀನದಲ್ಲಿದ್ದ ಪುತ್ತಳಂಗೆ ಹೋದರು. ಅಲ್ಲಿಂದ 1692ರಲ್ಲಿ ಕಂಡಿಗೆ. ಇಂದಿನ ರಸ್ತೆಯಲ್ಲಿ ಸುಮಾರು 130 ಕಿಲೋಮೀಟರ್, ಕಡಲಮಟ್ಟದಿಂದ 500 ಮೀಟರ್ ಎತ್ತರಕ್ಕೆ. ಗಂಟು ಹೊತ್ತು ದಿನಕ್ಕೆ ಇಪ್ಪತ್ತೈದು ಕಿಲೋಮೀಟರ್ ನಡೆದರೆ ಐದಾರು ದಿನ. ಕಂಡಿಯಲ್ಲಿ ಆಸ್ಥಾನ ಸೇರಿದ್ದ ಲಾನೆರೋಲ್ ಎಂಬ ಫ್ರೆಂಚ್ ಪ್ರೊಟೆಸ್ಟಂಟ್, ಇವರು ಪೋರ್ಚುಗೀಸ್ ಗೂಢಚಾರ ಎಂದು ಅರಸನಿಗೆ ಹೇಳಿದ. ವಾಜರು ಸೆರೆಯಾದರು. ಈ ಸೆರೆಯನ್ನು ಧರ್ಮಕ್ಕಾಗಿ ಆದ ಕಿರುಕುಳ ಎಂದು ಬರೆದರೆ ತಪ್ಪಾಗುತ್ತದೆ, ಕಾರಣ ರಾಜಕೀಯ ಅನುಮಾನ. ಕಾವಲಿನವರು ಅವರ ದಿನಚರಿ ನೋಡುತ್ತ ನೋಡುತ್ತ ಬಿಗಿ ಸಡಿಲವಾಯಿತು, ಸೆರೆಯ ಆವರಣದಲ್ಲೇ ಗುಡಿಸಲಿನಂಥ ಪುಟ್ಟ ಇಗರ್ಜಿ ಎದ್ದಿತು. ಬರದ ಕಾಲದಲ್ಲಿ ಅವರ ಪ್ರಾರ್ಥನೆಗೆ ಮಳೆ ಬಂದು ಅರಸ ಪೂರ್ತಿ ಸ್ವಾತಂತ್ರ್ಯ ಕೊಟ್ಟ ಎಂದು ಒರೇಟೋರಿಯನ್ ಬರಹಗಳು ಹೇಳುತ್ತವೆ. ನಾನದನ್ನು ಅವರ ಮಾತಿನಲ್ಲೇ ಕೊಟ್ಟೆ.

1696ರ ಹೊತ್ತಿಗೆ ಗೋವೆಯಿಂದ ಜೊತೆಗಾರರು ಬರತೊಡಗಿದರು. 1697ರಲ್ಲಿ ಕಂಡಿಯಲ್ಲಿ ಸಿಡುಬು ಹಬ್ಬಿದಾಗ ಅನುಕೂಲವಿದ್ದವರು ಊರು ಬಿಟ್ಟರು, ರೋಗಿಗಳನ್ನು ಮನೆಯವರೇ ಹೊರಗೆ ಹಾಕಿದರು. ವಾಜರೂ ಪಾದ್ರಿ ಜೋಸೆಫ್ ದೆ ಕಾರ್ವಾಲ್ಯೊ ಅವರೂ ಯಾವ ಧರ್ಮದವರೆಂದು ಕೇಳದೆ ಗಂಜಿ ಕೊಟ್ಟರು, ಹುಣ್ಣು ತೊಳೆದರು, ಹೆಣ ಹೂಳಿದರು. ಅರಸನ ವಿಶ್ವಾಸ ಗಟ್ಟಿಯಾದದ್ದಕ್ಕೆ ನನಗೆ ಕಾಣುವ ಕಾರಣ ಮಳೆಗಿಂತ ಹೆಚ್ಚಾಗಿ ಈ ಆರೈಕೆ.

ಕಂಡಿಯಲ್ಲಿ ಬಹಿರಂಗವಾಗಿ ಇರಬಹುದಾದ ಮೇಲೂ ಡಚ್ಚರ ಕರಾವಳಿಗೆ ಗುಟ್ಟಾಗಿಯೇ ಇಳಿಯಬೇಕಿತ್ತು. ಪಾದ್ರಿ ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಉಳಿದ ದಿನಗಳನ್ನು ನಡೆಸಿದವರು ಜನರೇ. ಊರಿಗೊಬ್ಬ ಮೂಪ್ಪ, ಅಂದರೆ ಹಿರಿಯ ಯಜಮಾನ. ಒಬ್ಬ ಅಣ್ಣಾವಿ, ನಮ್ಮಲ್ಲಿ ಉಪದೇಶಿ ಎನ್ನುವಂಥವನು. ಭಾನುವಾರ ಪ್ರಾರ್ಥನೆ ನಡೆಸುವುದು, ಸಾಯುವ ಕೂಸಿಗೆ ಜ್ಞಾನಸ್ನಾನ ಕೊಡುವುದು, ಸಾಯುವವರ ಬಳಿ ಕೂತು ಪ್ರಾರ್ಥಿಸುವುದು, ಪಾದ್ರಿ ಬರುವ ಸುದ್ದಿ ಮುಟ್ಟಿಸುವುದು ಇವರ ಕೆಲಸ. ಪಾದ್ರಿ ಸಿಕ್ಕಿಬಿದ್ದರೂ ಕುಸಿಯದ ಏರ್ಪಾಡು ಇದು. 1705ರಲ್ಲಿ ಬಂದ ಜಾಕೋಮೆ ಗೊನ್ಸಾಲ್ವಿಸ್, ಅವರೂ ಗೋವೆಯ ಕೊಂಕಣಿಗರೇ, ಸಿಂಹಳ ಮತ್ತು ತಮಿಳಿನಲ್ಲಿ ಉಪದೇಶ, ಪ್ರಾರ್ಥನೆ, ಹಾಡುಗಳನ್ನು ಬರೆದು ಈ ಅಣ್ಣಾವಿಗಳ ಕೈಗೆ ಕೊಟ್ಟರು. ಅಚ್ಚುಮನೆ ಡಚ್ಚರ ಬಳಿ ಮಾತ್ರ, ಅದೂ 1730ರ ದಶಕದಲ್ಲಿ ಬಂದದ್ದು. ಇವರ ಪುಸ್ತಕಗಳು ತಾಳೆಗರಿಯ ಮೇಲೆ ಕೈಯಿಂದ ಕೈಗೆ ನಕಲಾದವು. ಒಂದು ಪ್ರತಿ ಸುಟ್ಟರೆ ಇನ್ನೊಂದು ಊರಿನಲ್ಲಿ ಇನ್ನೊಂದು ಇರುತ್ತಿತ್ತು.

ವಾಜರು 1711ರ ಜನವರಿ 16ರಂದು ಕಂಡಿಯಲ್ಲಿ ತೀರಿಕೊಂಡರು. ಅವರನ್ನು ಹೂತ ಜಾಗ ಇಂದಿಗೂ ಪತ್ತೆಯಾಗಿಲ್ಲ. 1995ರಲ್ಲಿ ಧನ್ಯರೆಂದೂ 2015ರ ಜನವರಿ 14ರಂದು ಸಂತರೆಂದೂ ಕೊಲಂಬೊದಲ್ಲಿ ಸಾರಲಾಯಿತು. ಸಂತಪದವಿಗೆ ವಾಡಿಕೆಯಂತೆ ಬೇಕಾದ ಎರಡನೆಯ ಪವಾಡವನ್ನು ಪೋಪ್ ಫ್ರಾನ್ಸಿಸ್ ಮನ್ನಾ ಮಾಡಿದರು.

ಪುಸ್ತಕವನ್ನು ನಾನು 1711ಕ್ಕೆ ನಿಲ್ಲಿಸಲಿಲ್ಲ. ಗೊನ್ಸಾಲ್ವಿಸ್ 1742ರವರೆಗೆ ದುಡಿದರು, ಅವರ ಹಿಂದೆ ಗೋವೆಯಿಂದ ಬರುತ್ತಲೇ ಇದ್ದ ಒರೇಟೋರಿಯನ್ ಪಾದ್ರಿಗಳು. ಡಚ್ಚರು ಮತ್ತೆ ಮತ್ತೆ ಹೊಸ ಆಜ್ಞೆ ಹೊರಡಿಸಿದರು, ಹಳೆಯದು ಜನರ ನಡುವೆ ನಡೆಯುತ್ತಿರಲಿಲ್ಲ ಎಂಬುದಕ್ಕೆ ಅವೇ ಪುರಾವೆ. 1796ರಲ್ಲಿ ಕರಾವಳಿ ಬ್ರಿಟಿಷರ ಕೈಸೇರಿತು, ಕಥೊಲಿಕರ ಮೇಲಿನ ನಿರ್ಬಂಧಗಳನ್ನು 1806ರಲ್ಲಿ ತೆಗೆದುಹಾಕಲಾಯಿತು. ನನ್ನ ಕಾಲಪಟ್ಟಿಯ ಕೊನೆಯ ಸಾಲು ಆ ವರ್ಷದ್ದು: ಪಾದ್ರಿಗೆ ಬಾಗಿಲು ತೆರೆಯುವುದು ಲಂಕೆಯ ಕರಾವಳಿಯ ಮನೆಗಳಿಗೆ ಅಲ್ಲಿಂದ ಮುಂದೆ ಅಪರಾಧವಾಗಿ ಉಳಿಯಲಿಲ್ಲ.